ಎರಡನೆಯ ರಾಮ: ಒಂದು ಉತ್ತರಭಾಗದ ಗುಣದೋಷ ವಿಚಾರ

ಆರ್ಥರ್ ಕ್ಲಾರ್ಕ್ ಎಂಬ ಆಂಗ್ಲ ಗ್ರಂಥಕರ್ತರು ೧೯೭೩ರಲ್ಲಿ ‘ರೆಂಡೆವೂ ವಿತ್ ರಾಮ’ ಎಂಬ ವಿಜ್ಞಾನ ಕಾದಂಬರಿಯೊಂದನ್ನು ಪ್ರಕಟಿಸಿದರು. ಅದಾದ ಹದಿನಾರು ವರ್ಷಗಳ ಮೇಲೆ, ೧೯೮೯ರಲ್ಲಿ, ಜೆಂಟ್ರಿ ಲೀ ಎಂಬುವರನ್ನು ಜೊತೆಗೂಡಿಸಿಕೊಂಡು ‘ರಾಮ–೨’ ಎಂಬ ಉತ್ತರಭಾಗವನ್ನು ಹೊರತಂದರು. ಈ ಎರಡನೆಯ ಪುಸ್ತಕದ ವಿಷಯವಾಗಿ ನಮ್ಮ ಸ್ನೇಹಿತರಲ್ಲಿ ಎರಡು ಪಕ್ಷಗಳು ಏರ್ಪಟ್ಟಿವೆ. ಇಂಥ ಪುಸ್ತಕವನ್ನು ಬರೆಯಲೇಕೂಡದಾಗಿತ್ತೆಂದೂ, ಪೂರ್ಣವಾದ ವಿಗ್ರಹಕ್ಕೆ ಮತ್ತೆರಡು ಕೈಗಳನ್ನು ಅಂಟಿಸಿದಂತಾಯಿತೆಂದೂ ಒಂದು ಪಕ್ಷದವರು ಹೇಳುವರು. ಮೊದಲನೆಯ ಪುಸ್ತಕವು ನೂರು ಪ್ರಶ್ನೆಗಳನ್ನೆತ್ತಿ ಒಂದಕ್ಕೂ ಉತ್ತರ ಕೊಡದೆ ಜಾರಿಕೊಂಡಿತೆಂದೂ, ಮುಂದಿನ ಸಂಪುಟಗಳು ಆ ಸಾಲವನ್ನು ಬಡ್ಡಿಸಹಿತ ತೀರಿಸಿದುವೆಂದೂ, ಆದುದರಿಂದ ಅವೇ ಮೇಲಾದುವೆಂದೂ ಇನ್ನೊಂದು ಪಕ್ಷದವರು ವಾದಿಸುವರು. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಪಕ್ಷಗಳೂ ತಪ್ಪುದಾರಿ ಹಿಡಿದಿವೆ. ಅದರಲ್ಲಿಯೂ ಎರಡನೆಯ ಪಕ್ಷದವರ ತಪ್ಪು ಹೆಚ್ಚು ಅಪಾಯಕರವಾದದ್ದು. ಇದನ್ನು ತೋರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕಾಯಿತು.

ಹೊರನಾಡಿನ ಕಟ್ಟುಕಥೆಯ ಜಗಳವು ನಮಗೇತಕ್ಕೆಂದು ಕೆಲವರು ಕೇಳಬಹುದು. ಅದಕ್ಕೆ ಎರಡು ಸಮಾಧಾನಗಳುಂಟು. ಮೊದಲನೆಯದು ಕಥೆಯ ಹೆಸರು. ಆಕಾಶದಲ್ಲಿ ಕಂಡ ಸಣ್ಣಪುಟ್ಟ ಗ್ರಹಗಳಿಗೆಲ್ಲ ಗ್ರೀಕ್, ರೋಮನ್ ದೇವತೆಗಳ ಹೆಸರುಗಳನ್ನಿಟ್ಟು, ಅವೆಲ್ಲ ಮುಗಿದುಹೋದ ಬಳಿಕ ಖಗೋಳಶಾಸ್ತ್ರಜ್ಞರು ಹಿಂದೂ ದೇವತೆಗಳ ಹೆಸರುಗಳಿಗೆ ಕೈಹಾಕಿದರೆಂದೂ, ಹೀಗೆ ಆ ವಸ್ತುವಿಗೆ ರಾಮನೆಂಬ ಹೆಸರು ಬಂದಿತೆಂದೂ ಕ್ಲಾರ್ಕರು ಕಥೆ ಹೂಡಿದ್ದಾರೆ. ೧೯೫೬ರಿಂದ ಮೊದಲ್ಗೊಂಡು ೨೦೦೮ರಲ್ಲಿ ತೀರಿಕೊಳ್ಳುವವರೆಗೆ ಸಿಂಹಳದ್ವೀಪವನ್ನೇ ಮನೆಮಾಡಿಕೊಂಡಿದ್ದವರಿಗೆ ಈ ಹೆಸರು ಹೊಳೆದುದರಲ್ಲಿ ಆಶ್ಚರ್ಯವಿಲ್ಲ. ರಾಮನ ಹೆಸರಿನ ಊರಿನಲ್ಲಿ, ರಾಮದೇವರ ಬೆಟ್ಟದ ನೆರಳಿನಲ್ಲಿ ಬಾಳುವ ನಮಗೆ ಈ ಪುಸ್ತಕವು ಪೂರ್ತಿಯಾಗಿ ಪರಕೀಯವಾದುದಲ್ಲ. ಎರಡನೆಯದು ಇದಕ್ಕಿಂತ ಮುಖ್ಯವಾದ ಸಮಾಧಾನ. ಮುಗಿದ ಕಥೆಯನ್ನು ಮುಂದುವರಿಸಬಹುದೆ, ಮುಂದುವರಿಸುವುದಾದರೆ ಯಾವ ಹಕ್ಕಿನಿಂದ, ಎಂಬ ಪ್ರಶ್ನೆಯು ಕನ್ನಡಿಗರಿಗೆ ಹಳೆಯದು. ನಮ್ಮ ತರುಣ ಲೇಖಕರ ಮುಂದೆ ಇಂದಿಗೂ ನಿಂತಿರತಕ್ಕದ್ದು.

ವಾದಕ್ಕೆ ಮುಂಚೆ ಮೊದಲನೆಯ ಪುಸ್ತಕದ ಕಥೆಯನ್ನು ಸಂಗ್ರಹವಾಗಿ ಹೇಳುವೆವು. ೨೧೩೧ನೆಯ ಇಸವಿಯಲ್ಲಿ ಸೌರವ್ಯೂಹದ ಹೊರಗಿನಿಂದ ಒಂದು ವಸ್ತುವು ಒಳಕ್ಕೆ ನುಗ್ಗಿಬರುತ್ತದೆ. ಅದು ಬಂಡೆಯಲ್ಲ, ಯಾರೋ ನಿರ್ಮಿಸಿದ ಕೊಳವೆ. ಅದರ ಉದ್ದ ೫೦ ಕಿಲೋಮೀಟರು, ಅಡ್ಡಳತೆ ೨೦ ಕಿಲೋಮೀಟರು. ಬೆಂಗಳೂರಿನಿಂದ ರಾಮನಗರದವರೆಗಿನ ದಾರಿಯಷ್ಟು ಉದ್ದವಾದ ಆ ಕೊಳವೆಯು, ಚನ್ನಪಟ್ಟಣದ ಬೊಂಬೆ ಕೆಲಸದವನ ತಿರುಗಣೆಗೆ ಸಿಕ್ಕಿದ ಆಲೆಮರದ ತುಂಡಿನಂತೆ, ನಾಲ್ಕು ನಿಮಿಷಕ್ಕೊಂದು ಸುತ್ತಿನ ಮೇರೆಗೆ ತನ್ನ ಅಕ್ಷದ ಮೇಲೆ ತಿರುಗುತ್ತಿದೆಯೆಂದು ಭಾವಿಸಿದರೆ ವಾಚಕರಿಗೆ ಚಿತ್ರವು ಕಣ್ಣಿಗೆ ಕಟ್ಟುವುದು. ಈ ತಿರುಗುವಿಕೆಯ ಬಲದಿಂದಲೇ ಅದರ ಒಳಮೈಯಲ್ಲಿ ನಿಂತವನಿಗೆ ಭೂಮಿಯ ಮೇಲಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚಾದ ತೂಕವುಂಟಾಗುವುದು. ಒಳಗೆ ಕಗ್ಗತ್ತಲೆ, ಹೆಪ್ಪುಗಟ್ಟಿದ ಉಂಗುರಾಕಾರದ ಸಮುದ್ರ, ಮನುಷ್ಯರು ಲಂಡನ್, ಪ್ಯಾರಿಸ್ ಎಂದು ಹೆಸರಿಟ್ಟುಕೊಂಡ ಕಟ್ಟಡಗಳ ಗುಂಪುಗಳು. ನಾರ್ಟನ್ ಎಂಬ ನಾಯಕನು ಎಂಡೆವರ್ ಎಂಬ ನೌಕೆಯಲ್ಲಿ ತನ್ನವರೊಡನೆ ಹೋಗಿ ಕೆಲವು ಕಾಲ ಸುತ್ತಾಡುತ್ತಾನೆ. ಬೆಳಕು ಹತ್ತುತ್ತದೆ, ಸಮುದ್ರವು ಕರಗುತ್ತದೆ, ಯಂತ್ರವೋ ಜೀವಿಯೋ ತಿಳಿಯದ ಪ್ರಾಣಿಗಳು ಹುಟ್ಟಿ ತಮ್ಮ ಪಾಡಿಗೆ ಕೆಲಸಮಾಡಿ ಮರಳಿ ಮಾಯವಾಗುತ್ತವೆ. ಕಟ್ಟಿದವರು ಮಾತ್ರ ಕಾಣಿಸುವುದೇ ಇಲ್ಲ. ಕಡೆಗೆ ರಾಮನು ಸೂರ್ಯನ ಹತ್ತಿರ ಹಾದು, ಬೇಕಾದ ಶಕ್ತಿಯನ್ನು ತುಂಬಿಕೊಂಡು, ನಮ್ಮ ಕಡೆ ತಿರುಗಿಯೂ ನೋಡದೆ ತನ್ನ ದಾರಿ ಹಿಡಿದು ಹೊರಟುಹೋಗುತ್ತಾನೆ. ಅಲ್ಲಿ ಕಂಡದ್ದೆಲ್ಲವೂ ಮುಮ್ಮೂರಾಗಿದ್ದುದನ್ನು ವಿಜ್ಞಾನಿಯೊಬ್ಬನು ನೆನೆದು, ಇನ್ನೂ ಎರಡು ಬರಬಹುದೆಂದು ಹೊಳೆಯುವಲ್ಲಿಗೆ ಪುಸ್ತಕವು ಮುಗಿಯುತ್ತದೆ. ಅದಕ್ಕೆ ಹ್ಯೂಗೋ, ನೆಬ್ಯುಲಾ ಎಂಬ ಎರಡು ದೊಡ್ಡ ಪಾರಿತೋಷಕಗಳೂ ದೊರೆತುವು.

ಈ ಪುಸ್ತಕದ ಬಲವೆಲ್ಲವೂ ಆ ಅತಿಥಿಯ ಉದಾಸೀನತೆಯಲ್ಲಿದೆ. ಮನುಷ್ಯನು ತನ್ನನ್ನೇ ಜಗತ್ತಿನ ಮಧ್ಯಬಿಂದುವೆಂದು ಎಣಿಸಿಕೊಂಡಿರುವಾಗ, ಅವನ ಮನೆಯಂಗಳವನ್ನು ಹಾದುಹೋಗುವ ದೊಡ್ಡವನೊಬ್ಬನು ಅವನನ್ನು ಗಮನಿಸಲೂ ಇಲ್ಲವೆಂಬುದು ಆ ಕಥೆಯ ತಿರುಳು. ನಮ್ಮ ಸೀಮೆಯವರಿಗೆ ಈ ಅನುಭವವು ಅಪರಿಚಿತವಲ್ಲ. ಮಾಗಡಿಯ ಸಾವನದುರ್ಗದ ಬುಡದಲ್ಲಿಯಾಗಲಿ ರಾಮದೇವರ ಬೆಟ್ಟದ ಬಂಡೆಗಳ ನಡುವೆಯಾಗಲಿ ಸಂಜೆಯ ಹೊತ್ತು ಒಬ್ಬರೇ ನಿಂತವರಿಗೆ ಅದು ತಿಳಿದೇ ಇರುತ್ತದೆ. ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರನ್ನೇ ಉಳಿಸಿಕೊಂಡು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವರು. ಅದರ ವಯಸ್ಸು ಸುಮಾರು ೨೫೦ ಕೋಟಿ ವರ್ಷಗಳು. ಮನುಷ್ಯನ ಸುಳಿವೇ ಇಲ್ಲದ ಕಾಲದಿಂದ ಇದ್ದು, ಕೆಂಪೇಗೌಡರ ಕೋಟೆಯನ್ನೂ ಟಿಪ್ಪುವಿನ ಕಾವಲನ್ನೂ ಸಿನಿಮಾದವರ ಗದ್ದಲವನ್ನೂ ಒಂದೇ ಸಮನಾಗಿ ಸಹಿಸಿದ ಕಲ್ಲದು.

ಈಗ ಮೊದಲನೆಯ ಪಕ್ಷವನ್ನು ವಿಚಾರಿಸೋಣ. ಮುಗಿದ ಕೃತಿಯನ್ನು ಮುಂದುವರಿಸುವುದೇ ಅಪರಾಧವೆಂಬುದು ಅವರ ವಾದ. ಈ ಮಾತನ್ನು ಕನ್ನಡಿಗನು ಒಪ್ಪಲಾರನು. ಗದುಗಿನ ನಾರಣಪ್ಪನು ಭಾರತದ ಮೊದಲ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣಕವಿಯು ಪೂರ್ತಿಗೊಳಿಸಿದನು. ತಿಮ್ಮಣ್ಣನು ಸಾಮಾನ್ಯ ಕವಿಯಲ್ಲ, ಅವನ ಶ್ರಮವೂ ಅಲ್ಪವಲ್ಲ. ಆದರೂ ಅವನ ಪರ್ವಗಳನ್ನು ಮನೆಯಲ್ಲಿ ಓದಿಸಿ ಕೇಳಿದವರು ಎಷ್ಟು ಮಂದಿ? ಇತ್ತ ದೇವನೂರಿನ ಲಕ್ಷ್ಮೀಶನು ಮಾಡಿದುದೇನು? ಅವನೂ ಯುದ್ಧವು ಮುಗಿದ ಮೇಲಿನ ಕಥೆಯನ್ನೇ, ಅಶ್ವಮೇಧದ ಪ್ರಸಂಗವನ್ನೇ ಎತ್ತಿಕೊಂಡನು. ಅವನ ಜೈಮಿನಿ ಭಾರತವಾದರೋ ಮನೆಮನೆಗಳಲ್ಲಿ ಓದಿಸಿಕೊಂಡಿತು. ಅಕ್ಷರ ಬಾರದ ಅಜ್ಜಿಯರಿಗೂ ಚಂದ್ರಹಾಸನ ಕಥೆಯು ಬಾಯಿಪಾಠವಾಗಿತ್ತು. ಇಬ್ಬರೂ ಮುಂದಿನ ಭಾಗವನ್ನು ಬರೆದವರೇ ಆಗಿರಲು ಈ ಭೇದವು ಎಲ್ಲಿಂದ ಬಂದಿತು? ತಿಮ್ಮಣ್ಣನು ಉಳಿದಿದ್ದನ್ನು ತುಂಬಿದನು. ಲಕ್ಷ್ಮೀಶನು ಹೊಸ ಪ್ರಶ್ನೆಯನ್ನು ತಂದನು: ಗೆದ್ದವರ ಕೈಯಲ್ಲಿ ಬಂಧುಗಳ ರಕ್ತವಿರುವಾಗ ಅದನ್ನು ತೊಳೆಯುವ ಬಗೆ ಯಾವುದು, ಎದುರು ನಿಂತ ಶತ್ರುವೇ ತನಗಿಂತ ದೊಡ್ಡ ಭಕ್ತನಾದರೆ ಅರ್ಜುನನ ಬಿಲ್ಲಿನ ಗತಿಯೇನು? ಈ ಪ್ರಶ್ನೆಗಳು ಗದಾಪರ್ವದೊಳಗೆ ಇರಲಿಲ್ಲ.

ರಾಮನ ಕಥೆಯನ್ನೇ ನೋಡಿರಿ. ಉತ್ತರಕಾಂಡವು ಆಮೇಲೆ ಸೇರಿದ ಭಾಗವೆಂದು ಬಹು ಮಂದಿ ವಿದ್ವಾಂಸರು ಹೇಳುವರು. ಪಟ್ಟಾಭಿಷೇಕದಲ್ಲಿ ಕಥೆಯು ಮುಗಿದಿತ್ತೆಂಬುದೂ ದಿಟವೆ. ಆದರೆ ಗರ್ಭಿಣಿಯಾದ ಸೀತೆಯನ್ನು ಕಾಡಿಗೆ ಕಳುಹಿಸಿದುದು ಸರಿಯೆ ಎಂಬ ಪ್ರಶ್ನೆಯು ಆ ಕಾಂಡದಿಂದಲೇ ನಮ್ಮ ಮನೆಗಳಿಗೆ ಬಂದಿತು. ಬಂದದ್ದು ಇಂದಿಗೂ ಹೋಗಿಲ್ಲ. ಭೈರಪ್ಪನವರು ೨೦೧೭ರಲ್ಲಿ ಸೀತೆಯ ಕಡೆಯಿಂದ ಕಥೆ ಹೇಳುವಾಗ ತಮ್ಮ ಕಾದಂಬರಿಗೆ ‘ಉತ್ತರಕಾಂಡ’ ಎಂಬ ಹೆಸರನ್ನೇ ಇಟ್ಟರಷ್ಟೆ. ಆದುದರಿಂದ ಉತ್ತರಭಾಗವು ತನ್ನದೇ ಆದ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದರೆ ಅದಕ್ಕೆ ಬದುಕುವ ಹಕ್ಕುಂಟು. ಹಿಂದಿನ ಪುಸ್ತಕದಲ್ಲಿ ಬಿಟ್ಟ ಸ್ಥಳಗಳನ್ನು ತುಂಬುವುದಕ್ಕಾಗಿ ಮಾತ್ರ ಬಂದರೆ ಆ ಹಕ್ಕಿಲ್ಲ. ಈ ಅಳತೆಗೋಲಿನಿಂದಲೇ ‘ರಾಮ–೨’ನ್ನು ಅಳೆಯತಕ್ಕದ್ದು.

ಅದರ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಮೊದಲನೆಯ ರಾಮನು ಹೋಗಿ ಸುಮಾರು ಎಪ್ಪತ್ತು ವರ್ಷಗಳಾದ ಮೇಲೆ ಎರಡನೆಯ ಕೊಳವೆಯು ಬರುತ್ತದೆ. ಅಷ್ಟರಲ್ಲಿ ಭೂಮಿಯ ಮೇಲೆ ಹಣಕಾಸಿನ ವ್ಯವಸ್ಥೆಯು ಕುಸಿದು ದೊಡ್ಡ ಕ್ಷೋಭೆಯೊಂದು ಆಗಿಹೋಗಿದೆ. ನ್ಯೂಟನ್ ಎಂಬ ನೌಕೆಯಲ್ಲಿ ಹನ್ನೆರಡು ಮಂದಿ ಹೊರಡುತ್ತಾರೆ. ಮೊದಲನೆಯ ಪುಸ್ತಕದಲ್ಲಿ ಬರುವ ಮನುಷ್ಯರು ಒಳ್ಳೆಯ ಕೆಲಸಗಾರರು, ಅಷ್ಟೇ. ಅವರ ಮುಖಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಎರಡನೆಯದರಲ್ಲಿ ನಿಕೋಲ್ ದೆ ಜಾರ್ದಿನ್ಸ್ ಎಂಬ ವೈದ್ಯೆಯು ನಿಲ್ಲುತ್ತಾಳೆ. ತಂದೆ ಫ್ರೆಂಚರವನು, ತಾಯಿ ಆಫ್ರಿಕದ ಒಂದು ಬುಡಕಟ್ಟಿನವಳು. ಮನೆಯಲ್ಲಿ ಬಿಟ್ಟುಬಂದ ಮಗಳ ಚಿಂತೆಯೊಂದು ಕಡೆ, ಕರ್ತವ್ಯವೊಂದು ಕಡೆ. ಹೃದ್ರೋಗವನ್ನು ಮುಚ್ಚಿಟ್ಟುಕೊಂಡು ರಾಮನನ್ನು ಕಾಣುವ ಒಂದೇ ಹಂಬಲದಿಂದ ಬಂದಿರುವ ತಕಾಗಿಷಿ ಎಂಬ ಜಪಾನೀ ವಿದ್ವಾಂಸನ ಗುಟ್ಟು ಅವಳಿಗೆ ತಿಳಿಯುತ್ತದೆ. ಹೇಳಿದರೆ ಅವನ ಬಾಳಿನ ಆಸೆ ಮುರಿಯುವುದು, ಹೇಳದಿದ್ದರೆ ಪ್ರಾಣಕ್ಕೆ ಅಪಾಯ. ಕೊಳವೆಯೊಳಗಿನ ದ್ವೀಪನಗರದಲ್ಲಿ ಅವಳು ಆಳವಾದ ಗುಂಡಿಯೊಂದಕ್ಕೆ ಬಿದ್ದು ಒಂಟಿಯಾಗಿ ದಿನಗಳನ್ನೆಣಿಸುವ ಅಧ್ಯಾಯಗಳನ್ನು ಓದಿ ಮನಸ್ಸು ಕರಗದವರು ವಿರಳ. ಕ್ಲಾರ್ಕರು ಒಬ್ಬರೇ ಬರೆದ ಕಥೆಗಳಲ್ಲಿ ಇಂಥ ಹೆಣ್ಣನ್ನು ನಾವು ಕಂಡಿಲ್ಲ. ಲೀಯವರು ವೈಕಿಂಗ್, ಗೆಲಿಲಿಯೊ ಎಂಬ ಗ್ರಹಯಾನಗಳಲ್ಲಿ ದುಡಿದ ಇಂಜಿನಿಯರು. ಈ ಪುಸ್ತಕದ ಬರವಣಿಗೆಯ ಬಹುಭಾಗವು ಅವರದೇ ಎಂಬುದು ಪ್ರಸಿದ್ಧವಾದ ಸಂಗತಿ. ಹಾಗಿದ್ದ ಪಕ್ಷಕ್ಕೆ ಈ ಹೆಣ್ಣಿನ ಸೃಷ್ಟಿಯ ಪುಣ್ಯವು ಅವರಿಗೇ ಸಲ್ಲಲಿ.

ಇದಕ್ಕಿಂತಲೂ ಹೆಚ್ಚಿನ ಗುಣವೊಂದುಂಟು. ಈ ಸಾರಿ ರಾಮನು ಭೂಮಿಗೆ ಡಿಕ್ಕಿಹೊಡೆಯುವ ದಾರಿಯನ್ನು ಹಿಡಿದಂತೆ ಕಾಣುತ್ತದೆ. ಅವನನ್ನು ಪರಮಾಣು ಬಾಂಬುಗಳಿಂದ ನಾಶಮಾಡಬೇಕೆಂದು ಭೂಮಿಯ ಸರಕಾರಗಳು ಅಪ್ಪಣೆ ಕೊಡುತ್ತವೆ. ನೌಕೆಯಲ್ಲಿರುವ ಬಾಂಬುಗಳನ್ನು ಸಜ್ಜುಗೊಳಿಸಬೇಕಾದರೆ ಮೈಕೇಲ್ ಓಟೂಲ್ ಎಂಬ ಸೇನಾಪತಿಯು ತನ್ನ ಕೈಯಾರೆ ಗುಪ್ತಸಂಖ್ಯೆಯನ್ನು ಒತ್ತಬೇಕು. ಅವನು ದೈವಭಕ್ತ, ಆಜ್ಞಾಧಾರಕ, ಜೀವಮಾನದಲ್ಲಿ ಮೇಲಿನವರ ಮಾತನ್ನು ಮೀರಿದವನಲ್ಲ. ರಾಮನು ಶತ್ರುವೆಂಬುದಕ್ಕೆ ಆಧಾರವಿಲ್ಲ, ಶತ್ರುವಲ್ಲವೆಂಬುದಕ್ಕೂ ಆಧಾರವಿಲ್ಲ. ಒಳಗೆ ತನ್ನ ಸಂಗಡಿಗರಿರಬಹುದು. ಒಂದು ಕಡೆ ಭೂಮಿಯ ಸಮಸ್ತ ಜನ, ಇನ್ನೊಂದು ಕಡೆ ಭಾಷೆ ತಿಳಿಯದ ಅತಿಥಿ. ಓಟೂಲನು ಹಗಲಿರುಳು ಕುದಿದು, ಪ್ರಾರ್ಥಿಸಿ, ಕಡೆಗೆ ಒಲ್ಲೆನೆನ್ನುತ್ತಾನೆ.

ಇದೇ ಬಗೆಯ ಘಟನೆಯು ಮೊದಲನೆಯ ಪುಸ್ತಕದಲ್ಲಿಯೂ ಇರುವುದನ್ನು ಓದಿದವರು ಬಲ್ಲರು. ಅಲ್ಲಿ ಬುಧಗ್ರಹದಲ್ಲಿ ನೆಲೆಸಿದ ಜನರು ಭಯದಿಂದ ಬಾಂಬೊಂದನ್ನು ಕಳುಹಿಸುತ್ತಾರೆ. ಬೋರಿಸ್ ರೊಡ್ರಿಗೊ ಎಂಬ ಅಧಿಕಾರಿಯು ನಾಯಕನ ಒಪ್ಪಿಗೆ ಪಡೆದು ಹೋಗಿ ಅದನ್ನು ನಿಷ್ಪ್ರಯೋಜಕಗೊಳಿಸಿ ಬರುತ್ತಾನೆ. ಅವನೂ ದೈವಭಕ್ತನೇ. ಆದರೆ ಅವನ ಕೆಲಸವು ಸಾಹಸದ ಕೆಲಸ. ಅವನ ಮನಸ್ಸಿನಲ್ಲಿ ತಕ್ಕಡಿಯು ತೂಗಾಡಿದಂತೆ ಕಾಣುವುದಿಲ್ಲ. ಓಟೂಲನಲ್ಲಿ ಆ ತಕ್ಕಡಿಯೇ ಕಥೆ. ಅರಿಯದವನನ್ನು ಹೆದರಿಕೆಯ ಮೇಲೆ ಕೊಲ್ಲಬಹುದೆ? ಅಪ್ಪಣೆಯು ಮೇಲಿನಿಂದ ಬಂದಿತೆಂಬ ಮಾತ್ರಕ್ಕೆ ಕೈಯ ಪಾಪವು ಕೈಯನ್ನು ಬಿಡುವುದೆ? ಈ ಪ್ರಶ್ನೆಯನ್ನು ಎರಡನೆಯ ಪುಸ್ತಕವು ತಾನೇ ಹೊತ್ತು ತಂದಿದೆ. ಆ ಒಂದು ಕಾರಣದಿಂದ ಅದಕ್ಕೆ ಹುಟ್ಟುವ ಹಕ್ಕಿತ್ತೆಂದು ನಾವು ಧಾರಾಳವಾಗಿ ಒಪ್ಪುತ್ತೇವೆ. ಮೊದಲನೆಯ ಪಕ್ಷದವರು ಈ ಅಧ್ಯಾಯಗಳನ್ನು ಮತ್ತೊಮ್ಮೆ ಓದಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇವೆ.

ಇನ್ನು ದೋಷಗಳು. ದೊಡ್ಡ ದೋಷವೇನೆಂದರೆ, ಈ ಪ್ರಶ್ನೆಯ ಬಳಿಗೆ ವಾಚಕನನ್ನು ಕರೆದೊಯ್ಯುವ ದಾರಿಯು ಅತಿ ದೀರ್ಘವಾದದ್ದು, ಮತ್ತು ಆ ದಾರಿಯುದ್ದಕ್ಕೂ ಕಸ ಬಿದ್ದಿದೆ. ರಾಮನ ಬಾಗಿಲನ್ನು ತಲಪುವ ಮೊದಲೇ ಹನ್ನೆರಡು ಮಂದಿಯ ಮದುವೆ, ವ್ಯಭಿಚಾರ, ಸ್ಪರ್ಧೆ, ಅರಮನೆಯ ಗುಟ್ಟುಗಳನ್ನು ನಾವು ಕೇಳಬೇಕು. ಪತ್ರಿಕೆಯವರೊಡನೆ ಮಾಡಿಕೊಂಡ ಒಪ್ಪಂದದ ಹಣಕ್ಕಾಗಿ ಫ್ರಾನ್ಚೆಸ್ಕಾ ಸಬಾತಿನಿ ಎಂಬವಳು ಹೂಡುವ ಒಳಸಂಚು, ಅದರ ಫಲವಾಗಿ ನಾಯಕನು ಶಸ್ತ್ರಚಿಕಿತ್ಸೆಯ ನಡುವೆ ಸಾಯುವುದು, ಇವೆಲ್ಲವೂ ಬೆಂಗಳೂರಿನ ಯಾವುದೊಂದು ಕಚೇರಿಯಲ್ಲಿ ಬೇಕಾದರೂ ನಡೆಯಬಹುದಾದ ಸಂಗತಿಗಳು. ಕೋಟ್ಯಂತರ ಮೈಲಿ ದೂರ ಹೋಗಿ, ೫೦ ಕಿಲೋಮೀಟರಿನ ಅದ್ಭುತದ ಮುಂದೆ ನಿಂತು, ಇವರು ಬೆನ್ನು ತಿರುಗಿಸಿ ಪರಸ್ಪರ ಚಾಡಿ ಹೇಳುತ್ತಿದ್ದಾರೆ. ಮನುಷ್ಯ ಸ್ವಭಾವವೇ ಹಾಗೆಂದು ತೋರಿಸುವುದು ಗ್ರಂಥಕರ್ತರ ಉದ್ದೇಶವೆಂದು ಕೆಲವರು ಸಮರ್ಥಿಸುವರು. ಹಾಗಾದರೆ ಗ್ರಂಥಕರ್ತರ 눈ಕಣ್ಣಾದರೂ ರಾಮನ ಮೇಲಿರಬೇಕಾಗಿತ್ತು. ಮೊದಲನೆಯ ಪುಸ್ತಕದಲ್ಲಿ ದೀಪ ಹತ್ತಿದ ಗಳಿಗೆಯು ಮೈ ಜುಮ್ಮೆನ್ನಿಸುವುದು. ಎರಡನೆಯದರಲ್ಲಿ ಅದೇ ಸಮುದ್ರ, ಅದೇ ನಗರಗಳು ನಾಟಕದ ಹಿಂದಿನ ಪರದೆಯಂತೆ ತೂಗುಬಿದ್ದಿವೆ.

ಎರಡನೆಯ ದೋಷವು ಇದಕ್ಕೆ ಅಂಟಿಕೊಂಡೇ ಇದೆ. ಕೆಟ್ಟವರನ್ನು ಬಹು ಕೆಟ್ಟವರನ್ನಾಗಿ ಮಾಡಿದುದರಿಂದ ಓಟೂಲನ ತಕ್ಕಡಿಯ ಒಂದು ತಟ್ಟೆಯು ಹಗುರವಾಗಿಬಿಟ್ಟಿತು. ಬಾಂಬು ಹಾಕಬೇಕೆನ್ನುವವರಲ್ಲಿಯೂ ಸಜ್ಜನರಿದ್ದು, ಅವರ ಭಯವೂ ನ್ಯಾಯವಾದ ಭಯವೆಂದು ವಾಚಕನಿಗೆ ತೋರಿದ್ದರೆ ಧರ್ಮಸಂಕಟವು ನಿಜವಾದ ಧರ್ಮಸಂಕಟವಾಗುತ್ತಿತ್ತು. ಮೂರನೆಯ ದೋಷವು ಮುಕ್ತಾಯದಲ್ಲಿದೆ. ರಾಮನು ದಾಳಿಯಿಂದ ಪಾರಾಗಿ ಸೌರವ್ಯೂಹವನ್ನು ಬಿಟ್ಟು ಹೊರಡುತ್ತಾನೆ. ನಿಕೋಲಳೂ ವೇಕ್‌ಫೀಲ್ಡನೆಂಬ ಇಂಜಿನಿಯರನೂ ಓಟೂಲನೂ ಒಳಗೆ ಉಳಿದುಬಿಡುತ್ತಾರೆ. ಇದು ಮುಕ್ತಾಯವಲ್ಲ, ಮುಂದಿನ ಸಂಪುಟಕ್ಕೆ ಹಾಕಿದ ಮುಂಗಡ ಚೀಟಿ. ಮೊದಲನೆಯ ಪುಸ್ತಕದ ಬಾಗಿಲೂ ತೆರೆದೇ ಇತ್ತು, ಆದರೆ ಅದರ ಮೂಲಕ ಆಕಾಶವು ಕಾಣುತ್ತಿತ್ತು. ಇಲ್ಲಿ ತೆರೆದ ಬಾಗಿಲಿನಿಂದ ಕಾಣುವುದು ಅಂಗಡಿ.

ಆ ಅಂಗಡಿಗೆ ನಾವೂ ಹೋದೆವೆಂಬುದನ್ನು ಮರೆಮಾಚುವುದಿಲ್ಲ. ೧೯೯೧ರ ‘ದಿ ಗಾರ್ಡನ್ ಆಫ್ ರಾಮ’, ೧೯೯೩ರ ‘ರಾಮ ರಿವೀಲ್ಡ್’ ಎರಡನ್ನೂ ನಿದ್ರೆಗೆಟ್ಟು ಓದಿದೆವು. ಎರಡನೆಯ ಪಕ್ಷದವರು ಕೊಂಡಾಡುವ ಉತ್ತರಗಳೆಲ್ಲ ಇರುವುದು ಇವುಗಳಲ್ಲಿಯೇ. ಮೂರನೆಯ ಸಂಪುಟದಲ್ಲಿ ಎರಡು ಸಾವಿರ ಮಂದಿ ಮನುಷ್ಯರು ರಾಮನೊಳಗೆ ವಸತಿ ಹೂಡಿ, ಅಲ್ಲಿಯೂ ದುರಾಡಳಿತವನ್ನೂ ಯುದ್ಧವನ್ನೂ ಬೆಳೆಸುತ್ತಾರೆ. ಈ ಭಾಗದಲ್ಲಿ ಕಹಿಯಾದ ಸತ್ಯವಿದೆಯೆಂದು ಒಪ್ಪಬೇಕು. ಆದರೆ ಅದರಲ್ಲಿಯೇ ಹದ್ದಿನ ತಲೆಯುಳ್ಳ ಮಾರ್ಗದರ್ಶಿಯೊಬ್ಬನು ಪ್ರತ್ಯಕ್ಷನಾಗುವನು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಅವನು ಈ ಕೊಳವೆಗಳೇಕೆ ಬಂದುವು, ಜೀವಿಗಳನ್ನೇಕೆ ಪರೀಕ್ಷಿಸಿದರು, ಸೃಷ್ಟಿಕರ್ತನ ಉದ್ದೇಶವೇನು ಎಂಬುದನ್ನೆಲ್ಲ ಪ್ರದರ್ಶನಶಾಲೆಯ ಸಿಬ್ಬಂದಿಯಂತೆ ವಿವರಿಸಿಬಿಡುವನು. ನಮ್ಮ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿವೆ. ೨೦೧೨ರಲ್ಲಿ ಅವುಗಳಿಗಾಗಿ ಅಲ್ಲಿ ರಕ್ಷಣಾಧಾಮವೂ ಆಯಿತು. ಅವು ಏನನ್ನೂ ವಿವರಿಸುವುದಿಲ್ಲ. ಅದರಿಂದ ಬೆಟ್ಟಕ್ಕೆ ಕೊರತೆಯೇನೂ ಆಗಿಲ್ಲ.

ಪರಿಹಾಸವನ್ನು ಬಿಟ್ಟು ವಿಷಯಕ್ಕೆ ಬರೋಣ. ಎರಡನೆಯ ಪಕ್ಷದವರ ಬಲವಾದ ಆಕ್ಷೇಪಣೆಯು ಹೀಗಿದೆ: ‘ವಿಜ್ಞಾನದ ಕೆಲಸವೇ ವಿವರಿಸುವುದು. ಅರಿಯದುದನ್ನು ಅರಿಯದಂತೆಯೇ ಬಿಟ್ಟು ಕೈಮುಗಿಯಿರೆಂದರೆ ಅದು ಮೌಢ್ಯದ ಉಪದೇಶವಲ್ಲವೆ? ವಿಜ್ಞಾನ ಕಾದಂಬರಿಯೇ ಹೀಗೆ ಮಾಡಿದರೆ ಗತಿಯೇನು?’ ಈ ಆಕ್ಷೇಪಣೆಯನ್ನು ನಾವು ಲಘುವಾಗಿ ಕಾಣುವುದಿಲ್ಲ. ವಿವರಣೆಯಿಂದ ವಿಸ್ಮಯವು ಸಾಯುವುದೆಂದು ನಾವು ಹೇಳಿದರೆ ಅದು ಸುಳ್ಳು. ನಮ್ಮ ಬೆಟ್ಟದ ಕಲ್ಲುಗಳನ್ನು ಯಾರೋ ದೈತ್ಯರು ಎಸೆದು ಹೋದರೆಂದು ಕೇಳಿದ್ದ ಮಗುವು, ಅವು ನೆಲದಾಳದಲ್ಲಿ ಕರಗಿದ ಶಿಲೆಯು ತಣಿದು ಗಟ್ಟಿಯಾದುವೆಂದೂ, ಮೇಲಿನ ಪದರಗಳು ಯುಗಯುಗಗಳಲ್ಲಿ ಸವೆದುಹೋಗಿ ಹೊರಗೆ ಕಂಡುವೆಂದೂ ತಿಳಿದಾಗ ಅದರ ಬೆರಗು ಇಮ್ಮಡಿಯಾಗುತ್ತದೆ. ಏತಕ್ಕೆಂದರೆ ಆ ವಿವರಣೆಯು ಕಲ್ಲನ್ನು ಮುಟ್ಟಿ, ಒಡೆದು, ತೂಗಿ, ಪರೀಕ್ಷಿಸಿ ಸಂಪಾದಿಸಿದ್ದು. ಮತ್ತು ಅದರ ಹಿಂದೆಯೇ ಇನ್ನೂ ಹತ್ತು ಪ್ರಶ್ನೆಗಳು ನಿಂತಿರುತ್ತವೆ. ಹದ್ದಿನ ತಲೆಯವನ ವಿವರಣೆಯು ಅಂಥದಲ್ಲ. ಅದನ್ನು ಯಾರೂ ಸಂಪಾದಿಸಲಿಲ್ಲ. ಗ್ರಂಥಕರ್ತರು ಅವನ ಬಾಯಿಂದ ಹೇಳಿಸಿದರು, ನಾವು ಕೇಳಿಕೊಂಡೆವು. ಅದು ವಿಜ್ಞಾನದ ಅಂಗಿ ತೊಟ್ಟ ಆಪ್ತವಾಕ್ಯ. ಮೊದಲನೆಯ ಪುಸ್ತಕದ ನಾರ್ಟನನು ಅಳೆದು, ಇಳಿದು, ಎಡವಿ, ಊಹಿಸಿ, ಊಹೆ ತಪ್ಪಾದಾಗ ಒಪ್ಪಿಕೊಂಡು ಹೋಗುವನಷ್ಟೆ. ಅವನಿಗೆ ಉತ್ತರ ಸಿಕ್ಕಲಿಲ್ಲವಾದರೂ ಅವನು ನಡೆದದ್ದು ವಿಜ್ಞಾನದ ದಾರಿಯಲ್ಲಿಯೇ.

ಇದು ಬರಿಯ ಕಥೆಯ ಮಾತಲ್ಲ. ೨೦೧೭ರಲ್ಲಿ ಹವಾಯಿಯ ದೂರದರ್ಶಕಕ್ಕೆ ನಿಜವಾಗಿಯೇ ಸೌರವ್ಯೂಹದ ಹೊರಗಿನಿಂದ ಬಂದ ವಸ್ತುವೊಂದು ಮೊತ್ತಮೊದಲ ಸಲ ಕಂಡಿತು. ಅದಕ್ಕೆ ಔಮುವಾಮುವಾ ಎಂಬ ಹೆಸರಾಯಿತು. ರಾಮನೆಂದು ಕರೆಯಬೇಕೆಂದು ಸೂಚಿಸಿದವರೂ ಇದ್ದರು. ೨೦೧೯ರಲ್ಲಿ ಬೋರಿಸೊವ್ ಎಂಬ ಧೂಮಕೇತುವೂ, ೨೦೨೫ರಲ್ಲಿ ಅಟ್ಲಾಸ್ ಎಂಬ ಮತ್ತೊಂದು ಧೂಮಕೇತುವೂ ಹಾಗೆಯೇ ಹೊರಗಿನಿಂದ ಬಂದುವೆಂದು ಗೊತ್ತಾಯಿತು. ಕ್ಲಾರ್ಕರ ಮೂರರ ಲೆಕ್ಕವನ್ನು ಪ್ರಕೃತಿಯೇ ಪೂರ್ತಿಮಾಡಿದಂತಾಯಿತು. ಮೊದಲನೆಯದು ಕೆಲವೇ ವಾರ ಕಾಣಿಸಿ, ತನ್ನ ಆಕಾರವನ್ನೂ ಸರಿಯಾಗಿ ತೋರಿಸದೆ ಹೊರಟುಹೋಯಿತು. ಆಗ ನಡೆದುದನ್ನು ವಾಚಕರು ನೆನೆಯಬೇಕು. ವಿಜ್ಞಾನಿಗಳಲ್ಲಿ ಹೆಚ್ಚಿನವರು ಇಷ್ಟು ತಿಳಿಯಿತು, ಇಷ್ಟು ತಿಳಿಯಲಿಲ್ಲವೆಂದು ಬರೆದರು. ಜನರಲ್ಲಿ ಬಹು ಮಂದಿಗೆ ಅದು ಸಾಲಲಿಲ್ಲ. ಅನ್ಯಲೋಕದವರ ನೌಕೆಯೆಂಬ ಗುಲ್ಲು ಎದ್ದಿತು, ೨೦೨೫ರಲ್ಲಿಯೂ ಅದೇ ಗುಲ್ಲು ಮತ್ತೆ ಎದ್ದಿತು. ತಿಳಿಯದೆ ಇರುವುದನ್ನು ಸ್ವಲ್ಪ ಕಾಲ ಸಹಿಸಿಕೊಂಡಿರುವ ಶಕ್ತಿಯು ಇಲ್ಲದ ಮನಸ್ಸು ಯಾವ ಉತ್ತರವನ್ನಾದರೂ ಕೊಂಡುಕೊಳ್ಳುತ್ತದೆ. ಆ ಶಕ್ತಿಯನ್ನು ಬೆಳೆಸುವುದು ಒಳ್ಳೆಯ ಕಾದಂಬರಿಯ ಉಪಕಾರಗಳಲ್ಲಿ ಒಂದು. ಅದನ್ನು ಕೆಡಿಸುವುದು ಕೆಟ್ಟ ಉತ್ತರಭಾಗದ ಅಪಕಾರ.

ಕಥೆಯು ಮೌನವಾಗಿರುವುದರಿಂದ ಬಡವಾಗುವುದಿಲ್ಲವೆಂಬುದಕ್ಕೆ ನಮ್ಮ ಬೆಟ್ಟಗಳೇ ಸಾಕ್ಷಿ. ಫಾರ್ಸ್ಟರ್ ಎಂಬುವರು ೧೯೨೪ರಲ್ಲಿ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯಲ್ಲಿ ಮರಾಬಾರ್ ಗುಹೆಯೊಳಗೆ ನಡೆದುದೇನೆಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಅದನ್ನು ಡೇವಿಡ್ ಲೀನರು ಚಲನಚಿತ್ರವಾಗಿ ೧೯೮೪ರಲ್ಲಿ ಹೊರತಂದಾಗ ಆ ಗುಹೆಗಳ ದೃಶ್ಯಗಳಿಗೆ ಆರಿಸಿಕೊಂಡದ್ದು ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ. ಗುಹೆಯ ಗುಟ್ಟನ್ನು ಫಾರ್ಸ್ಟರು ಎರಡನೆಯ ಸಂಪುಟದಲ್ಲಿ ಬಿಚ್ಚಿ ಹೇಳಲಿಲ್ಲ. ಓದುಗರು ಇಂದಿಗೂ ಅದನ್ನು ಕುರಿತು ಚರ್ಚಿಸುತ್ತಲೇ ಇದ್ದಾರೆ. ಕನ್ನಡದಲ್ಲಿಯಂತೂ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ನಮ್ಮೆದುರಿಗಿದೆ. ೧೯೮೦ರ ಆ ಪುಸ್ತಕದಲ್ಲಿ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಮುಂತಾದವರು ಕಾಡಿನಲ್ಲಿ ಅಲೆದಲೆದು ಹಾರುವ ಓತಿಯನ್ನು ಕಂಡೇ ಕಾಣುವರು. ಅದು ಕಣ್ಣೆದುರಿಗೇ ಕಂದರದ ಆಳಕ್ಕೆ ತೇಲಿಹೋಗುವುದು. ತೇಜಸ್ವಿಯವರು ಅದನ್ನು ಹಿಡಿದು ಸೀಸೆಯಲ್ಲಿಡುವ ಎರಡನೆಯ ‘ಕರ್ವಾಲೊ’ವನ್ನು ಬರೆಯಲಿಲ್ಲ. ೧೯೮೫ರಲ್ಲಿ ‘ಚಿದಂಬರ ರಹಸ್ಯ’ವನ್ನು ಬರೆದರು, ಅಲ್ಲಿಯೂ ಮಲೆನಾಡು, ಅಲ್ಲಿಯೂ ವಿಜ್ಞಾನಿಯ ಸಂಗತಿ, ಆದರೆ ಪ್ರಶ್ನೆಯು ಬೇರೆ, ಪಾತ್ರಗಳೂ ಬೇರೆ. ಓತಿಯನ್ನು ಹಾರಿಹೋಗಲು ಬಿಟ್ಟ ಆ ಸಂಯಮಕ್ಕೆ ನಾವು ಋಣಿಗಳು.

ಕಡೆಯದಾಗಿ ನಮ್ಮ ಮನೆಯ ಒಂದು ಸಣ್ಣ ಸಂಗತಿಯನ್ನು ಹೇಳಿ ಮುಗಿಸುವೆವು. ಪ್ರೌಢಶಾಲೆಯಲ್ಲಿ ಓದುವ ಹುಡುಗಿಯೊಬ್ಬಳು ರಾಮನ ಮೊದಲನೆಯ ಪುಸ್ತಕವನ್ನು ಓದಿ ಮುಗಿಸಿದ ವಾರವೆಲ್ಲ ಊಟಕ್ಕೆ ಕುಳಿತಲ್ಲಿ, ಮಲಗಲು ಹೋದಲ್ಲಿ, ‘ಅದನ್ನು ಕಟ್ಟಿದವರು ಯಾರಿರಬಹುದು? ಮೂರು ಮೂರೇ ಏಕೆ?’ ಎಂದು ಕೇಳಿ ನಮ್ಮ ತಲೆ ತಿಂದಳು. ಕಾಗದದ ಮೇಲೆ ಮೂರು ಕೈಗಳ ಜನರನ್ನು ಬರೆದು ಅವರ ಮನೆಗಳಿಗೆ ಮೆಟ್ಟಿಲನ್ನೂ ಹಾಕಿದಳು. ಎರಡನೆಯದನ್ನು ಓದಿದಾಗ ಓಟೂಲನು ಮಾಡಿದುದು ಸರಿಯೆ ಎಂದು ತನ್ನ ಅಣ್ಣನೊಡನೆ ಎರಡು ದಿನ ಜಗಳವಾಡಿದಳು. ನಾಲ್ಕನೆಯದನ್ನು ಮುಗಿಸಿದ ರಾತ್ರಿ ಪುಸ್ತಕವನ್ನು ಮುಚ್ಚಿ, ‘ಓ, ಇಷ್ಟೇನೆ’ ಎಂದು ದೀಪವಾರಿಸಿ ಮಲಗಿದಳು. ಈ ಮೂರು ಸಂಪುಟಗಳ ಗುಣದೋಷಗಳನ್ನು ನಾವು ಇಷ್ಟು ಪುಟಗಳಲ್ಲಿ ಹೇಳಿದುದನ್ನು ಆ ಮಗುವು ಆಗಲೇ ಹೇಳಿ ಮುಗಿಸಿತ್ತು.

ಆದುದರಿಂದ ‘ರಾಮ–೨’ನ್ನು ಮನೆಗೆ ತರಬೇಡಿರೆಂದು ನಾವು ಹೇಳುವುದಿಲ್ಲ, ತನ್ನಿರಿ, ಚಾಡಿಯ ಅಧ್ಯಾಯಗಳನ್ನು ಬೇಗ ದಾಟಿ ಗುಂಡಿಯೊಳಗಿನ ನಿಕೋಲಳನ್ನೂ ಗುಪ್ತಸಂಖ್ಯೆಯ ಮುಂದೆ ಕುಳಿತ ಓಟೂಲನನ್ನೂ ಸಾವಧಾನವಾಗಿ ಓದಿರಿ, ಮತ್ತು ಅಲ್ಲಿಗೆ ನಿಲ್ಲಿಸಿರಿ. ಪ್ರಕಾಶಕರು, ಅಭಿಮಾನಿಗಳು ಎರಡನೆಯ ಭಾಗವನ್ನು ಕೊಡಿರೆಂದು ಪೀಡಿಸುತ್ತಿರುವ ನಮ್ಮ ತರುಣ ಲೇಖಕರಿಗೂ ಒಂದು ಮಾತು. ಬರೆಯಿರಿ, ಲಕ್ಷ್ಮೀಶನ ನಾಡಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆದರೆ ಲೇಖನಿಯನ್ನು ಎತ್ತಿಕೊಳ್ಳುವ ಮುಂಚೆ ಹೊಸದಾಗಿ ಕೇಳಬೇಕಾದ ಪ್ರಶ್ನೆಯು ಕೈಯಲ್ಲಿದೆಯೆ ಎಂದು ನೋಡಿಕೊಳ್ಳಿರಿ. ಇಲ್ಲದಿದ್ದರೆ ಓತಿಯನ್ನು ಹಾರಿಹೋಗಲು ಬಿಡಿರಿ.